ಬಿದ್ದ ಗೋಡೆ, ಬೀಳಿಸಿದ ಗೋಡೆ

ಊರಿನ ಮನೆಯ ಕಾಂಪೌಂಡು ಗೋಡೆಗೆ ಈಗ ಎರಡು ಬಣ್ಣ. ಗೇಟಿನ ಬಲಕ್ಕೆ ಅಜ್ಜ ಕಟ್ಟಿಸಿದ ಜಂಬಿಟ್ಟಿಗೆಯ ಗೋಡೆ ಐವತ್ತು ಮಳೆಗಾಲಗಳಿಗೆ ಕಪ್ಪಾಗಿ, ಸಂದುಗಳಲ್ಲಿ ಹಾವಸೆ ಹಿಡಿದು ನಿಂತಿದೆ. ಎಡಕ್ಕೆ 18 ಅಡಿ ಉದ್ದದ ಸಿಮೆಂಟು ಬ್ಲಾಕಿನ ಗೋಡೆ, ಬೂದು ಬಣ್ಣದ್ದು, ಹಳೆಯದಕ್ಕಿಂತ ನಾಲ್ಕು ಬೆರಳಿನಷ್ಟು ಎತ್ತರ. ಎರಡೂ ಸೇರುವಲ್ಲಿ ಗಾರೆ ಒಂದಿಷ್ಟು ಉಬ್ಬಿಕೊಂಡಿದೆ. ಬೆಂಗಳೂರಿನಿಂದ ಬಸ್ಸು ಹತ್ತಿ ಬೆಳಗಿನ ಜಾವ ಊರಿಗೆ ಇಳಿದಾಗಲೆಲ್ಲ ನನ್ನ ಕಣ್ಣು ಮೊದಲು ಬೀಳುವುದು ಆ ಉಬ್ಬಿನ ಮೇಲೆ. ಈ ಗೋಡೆಗಾಗಿ ನಗರಸಭೆಯೊಂದಿಗೆ ನಡೆದ ಜಗಳ ಮುಗಿದು ವರ್ಷವಾಯಿತು; ಗೋಡೆಯೂ ಬಂತು. ಆದರೂ ಅದು ಮುಗಿದ ಬಗೆ ಮನಸ್ಸಿನಲ್ಲಿ ಇನ್ನೂ ಕೊರೆಯುತ್ತಿದೆ. ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿನ ನಗರಸಭೆ ಬೇರೆ ಊರುಗಳ ನಗರಸಭೆಗಳಿಗಿಂತ ಕೆಟ್ಟದ್ದೇನಲ್ಲ, ಮತ್ತು ಅಪ್ಪ ಇನ್ನೂ ಅಲ್ಲೇ ಕಂದಾಯ ಕಟ್ಟಬೇಕು.

ಮಲೆನಾಡಿನ ಊರುಗಳಲ್ಲಿ ಮೇ ತಿಂಗಳೆಂದರೆ ಚರಂಡಿಯ ಹೂಳು ತೆಗೆಯುವ ಕಾಲ. ಜೂನ್ ಮೊದಲ ವಾರದೊಳಗೆ ಅದು ಮುಗಿಯದಿದ್ದರೆ ನೀರು ರಸ್ತೆಗೆ ಬರುತ್ತದೆ, ಆಮೇಲೆ ಮನೆಗೆ ಬರುತ್ತದೆ. ಮೊದಲು ಗುದ್ದಲಿ, ಬುಟ್ಟಿ ಹಿಡಿದು ಮಾಡುತ್ತಿದ್ದ ಈ ಕೆಲಸವನ್ನು ಈಗ ಗುತ್ತಿಗೆದಾರರ ಜೆಸಿಬಿ ಮಾಡುತ್ತದೆ. ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ರಜೆಗೆಂದು ಮನೆಯಲ್ಲೇ ಇದ್ದೆ. ಸಿಡಿಲು ಬಡಿದಂಥ ದೊಡ್ಡ ಸದ್ದೇನೂ ಆಗಲಿಲ್ಲ. ಅಕ್ಕಿ ಮೂಟೆ ಜಾರಿಸಿದ ಹಾಗೆ ಒಂದು ಸದ್ದು, ಆಮೇಲೆ ಧೂಳು. ಹೊರಗೆ ಬಂದು ನೋಡಿದರೆ ಗೋಡೆಯಿದ್ದಲ್ಲಿ ರಸ್ತೆ ಕಾಣುತ್ತಿತ್ತು. ಅಮ್ಮನ ಪಾರಿಜಾತದ ಗಿಡ ಕಲ್ಲುಗಳ ಕೆಳಗೆ ಸಿಕ್ಕಿಕೊಂಡಿತ್ತು, ನಲ್ಲಿಯ ಪೈಪು ಒಡೆದು ನೀರು ಕಾರಂಜಿಯಂತೆ ಚಿಮ್ಮುತ್ತಿತ್ತು. (ಆ ತಿಂಗಳ ನೀರಿನ ಬಿಲ್ಲು ಮಾಮೂಲಿನಂತೆ ಬಂತು.)

ಜೆಸಿಬಿ ಓಡಿಸುತ್ತಿದ್ದವನು ಕೊಪ್ಪಳದ ಕಡೆಯ ಹುಡುಗ. ಇಪ್ಪತ್ತೆರಡು, ಇಪ್ಪತ್ಮೂರು ವರ್ಷ ಇರಬಹುದು. ಯಂತ್ರ ನಿಲ್ಲಿಸಿ ಇಳಿದು ಬಂದವನೇ ಅಪ್ಪನ ಎದುರು ಕೈಮುಗಿದು ನಿಂತ. “ತಪ್ಪಾತ್ರಿ ಸರ. ಬಕೆಟ್ ತಿರುಗಸೂ ಹೊತ್ತಿಗೆ ದಂಡಿ ಕುಸೀತು, ಗಾಡಿ ಜಾರಿಬಿಡ್ತು” ಎಂದ. ನಾವು ಏನೂ ಕೇಳುವ ಮೊದಲೇ ಮುಂದುವರಿದು, “ನನ್ನ ಹೆಸರು ಮಾತ್ರ ಬರೀಬ್ಯಾಡ್ರಿ, ಮಾಲಕರು ಪಗಾರ ಹಿಡೀತಾರ” ಎಂದೂ ಸೇರಿಸಿದ. ಅಮ್ಮ ಅವನಿಗೆ ಚಹಾ ಕೊಟ್ಟಳು. ಅವನು ಲೋಟ ಹಿಡಿದುಕೊಂಡು ಬಿದ್ದ ಕಲ್ಲುಗಳನ್ನೇ ನೋಡುತ್ತಿದ್ದ, ಕೈ ನಡುಗುತ್ತಿತ್ತು. ಮುಂದಿನ ನಾಲ್ಕು ತಿಂಗಳಲ್ಲಿ ನಾವು ಆರೋಗ್ಯ ನಿರೀಕ್ಷಕರಿಂದ ಹಿಡಿದು ಪೌರಾಯುಕ್ತರವರೆಗೆ ಹತ್ತಾರು ಮಂದಿಯ ಮುಂದೆ ಕುಳಿತೆವು. ‘ತಪ್ಪಾಯಿತು’ ಎಂಬ ಮಾತನ್ನು ಆಡಿದವನು ಆ ಹುಡುಗ ಒಬ್ಬನೇ.

ಟಪಾಲು ವಿಭಾಗದ ವ್ಯಾಕರಣ

ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅರ್ಜಿ ಬರೆಯುವುದೆಂದರೆ ಅವರಿಗೆ ಹಬ್ಬ. ಅಂದೇ ಸಂಜೆ ಕುಳಿತು, ಒಂದು ಪುಟ ಮೀರದಂತೆ, ದಿನಾಂಕ, ಸಮಯ, ಗೋಡೆಯ ಉದ್ದ, ಎತ್ತರ, ಒಡೆದ ಪೈಪಿನ ಅಳತೆ ಎಲ್ಲವನ್ನೂ ಸೇರಿಸಿ ಬರೆದರು. ನಡುವಿನ ಮುಖ್ಯ ವಾಕ್ಯ ಹೀಗಿತ್ತು: ‘ನಗರಸಭೆಯ ವತಿಯಿಂದ ಚರಂಡಿಯ ಹೂಳೆತ್ತುತ್ತಿದ್ದ ಜೆಸಿಬಿ ಯಂತ್ರವು ನಮ್ಮ ಕಾಂಪೌಂಡು ಗೋಡೆಯನ್ನು ಬೀಳಿಸಿತು.’ ಹುಡುಗನ ಹೆಸರು ಅದರಲ್ಲಿ ಇರಲಿಲ್ಲ. ಮರುದಿನ ಟಪಾಲು ವಿಭಾಗದಲ್ಲಿ ಗುಮಾಸ್ತರು ಅರ್ಜಿಯನ್ನು ಓದಿ, ಸೀಲು ಒತ್ತುವ ಮುನ್ನ ತಲೆಯೆತ್ತಿ, ತುಂಬ ಗೌರವದಿಂದಲೇ ಹೇಳಿದರು: “ಮೇಷ್ಟ್ರೇ, ‘ಬೀಳಿಸಿತು’ ಅಂತ ಬೇಡ. ‘ಬಿದ್ದಿದೆ’ ಅಂತ ಬರೆದುಕೊಡಿ. ಫೈಲು ಬೇಗ ಓಡುತ್ತದೆ.”

ಅಪ್ಪ ನಕ್ಕುಬಿಟ್ಟರು. ಮೂವತ್ತು ವರ್ಷ ಅವರು ಎಂಟನೆಯ ತರಗತಿಯ ಮಕ್ಕಳಿಗೆ ಹೇಳಿಕೊಟ್ಟದ್ದೇ ಇದು. ‘ಬೀಳು’ ಧಾತುವಿಗೆ ಕರ್ಮ ಬೇಡ, ‘ಇಸು’ ಪ್ರತ್ಯಯ ಹತ್ತಿ ‘ಬೀಳಿಸು’ ಆದಕೂಡಲೇ ಬೀಳಿಸಿದವನೊಬ್ಬ ಬೇಕಾಗುತ್ತಾನೆ. ಆ ಎರಡಕ್ಷರದ ಪ್ರತ್ಯಯವನ್ನು ಕಡತದೊಳಗೆ ಬಿಟ್ಟುಕೊಂಡರೆ, ಮುಂದಿನ ಟಿಪ್ಪಣಿಯಲ್ಲಿ ಯಾರೋ ಒಬ್ಬರು ‘ಯಾರು ಬೀಳಿಸಿದರು, ಯಾರಿಂದ ವಸೂಲಿ’ ಎಂದು ಕೇಳಲೇಬೇಕು; ಅದಕ್ಕೆ ಉತ್ತರ ಬರೆದವನು ಲೆಕ್ಕ ಪರಿಶೋಧನೆಯ ದಿನ ಎದ್ದು ನಿಲ್ಲಬೇಕು. ಗುಮಾಸ್ತರು ದುಷ್ಟರಾಗಿರಲಿಲ್ಲ. ಅವರು ತಮ್ಮ ಅನುಭವದಿಂದ ನಮಗೆ ಉಪಕಾರವನ್ನೇ ಮಾಡುತ್ತಿದ್ದರು. ಅಪ್ಪ ಪದ ಬದಲಿಸಲಿಲ್ಲ. ಸ್ವೀಕೃತಿಯ ಸೀಲು, ಸಹಿ, ದಿನಾಂಕ ಬೀಳುವವರೆಗೆ ಕೌಂಟರು ಬಿಟ್ಟು ಕದಲಲೂ ಇಲ್ಲ. ಇಡೀ ಪ್ರಕರಣದಲ್ಲಿ ನಾವು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಆ ಸೀಲು ಹಾಕಿಸಿಕೊಂಡದ್ದೆಂದು ಆಮೇಲೆ ವಕೀಲರು ಹೇಳಿದರು. ಎರಡನೆಯದು, ಧೂಳು ಇಳಿಯುವ ಮೊದಲೇ ಯಂತ್ರದ ನೋಂದಣಿ ಸಂಖ್ಯೆ ಕಾಣುವಂತೆ ನಾನು ತೆಗೆದಿದ್ದ ನಾಲ್ಕು ಫೋಟೊಗಳು.

ಐದು ವಾರಗಳ ನಂತರ ಹಿಂಬರಹ, ಅಂದರೆ ಅರ್ಜಿಗೆ ಕಚೇರಿಯ ಲಿಖಿತ ಉತ್ತರ, ಬಂತು. ‘ಸ್ಥಳ ಪರಿಶೀಲಿಸಲಾಗಿ, ಸದರಿ ಗೋಡೆಯು ಬಹಳ ಹಳೆಯದಾಗಿದ್ದು, ತೇವಾಂಶದಿಂದ ಶಿಥಿಲಗೊಂಡು ಕುಸಿದಿರುವುದು ಕಂಡುಬಂದಿರುತ್ತದೆ.’ ನೋಡಿದವರು ಯಾರೆಂದಿಲ್ಲ, ಯಾವಾಗ ನೋಡಿದರೆಂದಿಲ್ಲ, ಯಂತ್ರದ ಸುದ್ದಿಯೇ ಇಲ್ಲ. ಕಂಡದ್ದೂ ತಾನಾಗಿ ಕಂಡಿತ್ತು, ಕುಸಿದದ್ದೂ ತಾನಾಗಿ ಕುಸಿದಿತ್ತು. ಅಪ್ಪ ಅದನ್ನು ಎರಡು ಸಲ ಓದಿ, ಕೆಂಪು ಪೆನ್ನು ತೆಗೆದುಕೊಂಡು ‘ಕರ್ತೃಪದ ಎಲ್ಲಿ?’ ಎಂದು ಅಂಚಿನಲ್ಲಿ ಬರೆದರು.

ಗಡಿಯಾರ ಗೋಪುರ, ಒಣಮರ, ಹಸಿಮರ

ಗೋಡೆ ಹಳೆಯದು ಎಂಬ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದು ಉತ್ತರವಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅಪ್ಪನ ಹಳೆಯ ಶಿಷ್ಯರೊಬ್ಬರು ನಮ್ಮೂರ ನ್ಯಾಯಾಲಯದಲ್ಲೇ ವಕೀಲರು. ಒಂದು ಭಾನುವಾರ ಅವರ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ ಕತೆಗಳು ನನಗೆ ಹೊಸವು. ದೆಹಲಿಯ ಚಾಂದನಿ ಚೌಕದಲ್ಲಿ ಪುರಭವನದ ಎದುರಿದ್ದ ಗಡಿಯಾರ ಗೋಪುರ ಕುಸಿದು ಜನ ಸತ್ತರು. ಕಟ್ಟಡಕ್ಕೆ 80 ವರ್ಷವಾಗಿತ್ತು, ಅದಕ್ಕೆ ಬಳಸಿದ್ದ ಗಾರೆಯ ಆಯಸ್ಸು 40ರಿಂದ 45 ವರ್ಷವೆಂದು ಸಾಕ್ಷ್ಯ ಬಂದಿತ್ತು. 1966ರಲ್ಲಿ ಸುಪ್ರೀಂ ಕೋರ್ಟ್, ಇಂಥ ಘಟನೆ ತಾನೇ ಸಾಕ್ಷಿ ಹೇಳುತ್ತದೆ, ಎಚ್ಚರ ವಹಿಸಿದ್ದೆವೆಂದು ತೋರಿಸಬೇಕಾದವರು ಗೋಪುರದ ಒಡೆಯರಾದ ಪಾಲಿಕೆಯವರೇ ಎಂದು ಅವರನ್ನು ಹೊಣೆ ಮಾಡಿತು. 1997ರಲ್ಲಿ ಗುಜರಾತಿನ ರಾಜಕೋಟೆಯ ಪ್ರಕರಣ ಬಂತು. ಕಚೇರಿಗೆ ನಡೆದು ಹೋಗುತ್ತಿದ್ದವನ ಮೇಲೆ ರಸ್ತೆಬದಿಯ ಮರ ಬಿದ್ದಿತ್ತು. ಊರಿನ ಒಂದೊಂದು ಮರವನ್ನೂ ಪಾಲಿಕೆ ಸದಾ ಕಾಯುತ್ತ ಕೂರಲಾಗದೆಂದು ಅದೇ ಕೋರ್ಟು ಪರಿಹಾರ ನಿರಾಕರಿಸಿತು. ಎರಡೇ ವರ್ಷಕ್ಕೆ, 1999ರಲ್ಲಿ, ದೆಹಲಿಯಲ್ಲಿ ಸ್ಕೂಟರ್ ಸವಾರನ ಮೇಲೆ ಕೊಂಬೆ ಬಿದ್ದ ಮೊಕದ್ದಮೆಯಲ್ಲಿ, ಆ ಮರ ಸತ್ತು ಒಣಗಿತ್ತು, ಕಡಿಯಬೇಕಾದವರು ಕಡಿಯಲಿಲ್ಲ ಎಂದು ಪಾಲಿಕೆಯನ್ನೇ ಹೊಣೆ ಮಾಡಿತು. ಮೂರೂ ಸಾವಿನ ಪ್ರಕರಣಗಳು. ನಮ್ಮದು ಬರೀ ಕಲ್ಲಿನದು. ಆದರೆ ಮೂರಕ್ಕೂ ತಿರುಗಣಿ ಒಂದೇ: ಅದು ಬಿತ್ತೋ, ಬೀಳಲು ಬಿಟ್ಟರೋ. ನಮ್ಮ ಗೋಡೆಯಲ್ಲಿ ಆ ಸಂಶಯವೂ ಇರಲಿಲ್ಲ. ಶಿಥಿಲವಾದ ಗೋಡೆಗೆ ಬೆಲೆ ಕಡಿಮೆ ಇರಬಹುದು, ಹಾಗೆಂದು ಅದಕ್ಕೆ ಯಂತ್ರ ಹಾಯಿಸಬಹುದೆಂದು ಎಲ್ಲೂ ಬರೆದಿಲ್ಲ.

ದಾರಿಗಳೂ ಹಲವು ಇದ್ದವು. ಪೊಲೀಸ್ ಠಾಣೆಯ ದಾರಿ ಮೊದಲೇ ಮುಚ್ಚಿತ್ತು: ಬೇಕೆಂದೇ ಹಾಳುಮಾಡಿದರೆ ಮಾತ್ರ ಅದು ಅಪರಾಧ, ಕೈತಪ್ಪಿ ಆದದ್ದು ಸಿವಿಲ್ ವಿಷಯ. ಸಿವಿಲ್ ದಾವೆಯೆಂದರೆ ಮೊದಲು ಲಿಖಿತ ನೋಟಿಸು ಕೊಟ್ಟು ಕಾಯಬೇಕು. ಸರ್ಕಾರದ ವಿರುದ್ಧವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಎರಡು ತಿಂಗಳು. ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲೂ ಅಂಥದೇ ಏರ್ಪಾಡಿದೆ. ದಾವೆ ಹೂಡುವುದಕ್ಕೂ ಗಡುವಿದೆ: ಕಾಯ್ದೆಯ ಅಧಿಕಾರದಡಿ ಮಾಡಿದ ಕೆಲಸದಿಂದಾದ ನಷ್ಟಕ್ಕೆ ಪರಿಹಾರ ಕೇಳಲು ಕಾಲಮಿತಿ ಅಧಿನಿಯಮ ಕೊಡುವುದು ಒಂದೇ ವರ್ಷ. ಹಿಂಬರಹಕ್ಕಾಗಿ ಕಾದು ಕುಳಿತವರು ಈ ಒಂದು ವರ್ಷವನ್ನು ಮರೆಯುತ್ತಾರೆಂದು ವಕೀಲರು ಒತ್ತಿ ಹೇಳಿದರು. ಜೆಸಿಬಿಯೂ ಒಂದು ಮೋಟಾರು ವಾಹನವೇ ಆದ್ದರಿಂದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೂ ಹೋಗಬಹುದಿತ್ತು. ಆ ಮಂಡಳಿ ಕೈಕಾಲು ಮುರಿದವರಿಗೆ ಮಾತ್ರವೆಂದು ನಾನು ತಿಳಿದಿದ್ದೆ. ಮೂರನೆಯವರ ಆಸ್ತಿಗೆ ಆದ ಹಾನಿಯೂ 1988ರ ಕಾಯ್ದೆಯ 165ನೇ ಕಲಮಿನಲ್ಲೇ ಇದೆ. ಇನ್ನೊಂದು ಕಾಯಂ ಜನತಾ ನ್ಯಾಯಾಲಯ. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ, ನೈರ್ಮಲ್ಯವೂ ಅದರ ವ್ಯಾಪ್ತಿಯ ಸಾರ್ವಜನಿಕ ಸೇವೆಗಳಲ್ಲಿ ಒಂದು, ರಾಜಿ ಮುರಿದುಬಿದ್ದರೆ ಅದೇ ತೀರ್ಪು ಕೊಡಬಲ್ಲದು. ಆದರೆ ಬೇರೆ ಕೋರ್ಟಿಗೆ ಹೋಗುವ ಮೊದಲೇ ಅಲ್ಲಿಗೆ ಹೋಗಿರಬೇಕು. ಇಷ್ಟನ್ನೂ ಹೇಳಿ ವಕೀಲರು, “ಯಾವ ದಾರಿಗೂ ಕಾಗದ ಸಿದ್ಧಮಾಡುತ್ತೇನೆ ಸರ್. ಗೆಲ್ಲಲೂಬಹುದು. ಅಲ್ಲಿಯವರೆಗೆ ದನ ನುಗ್ಗದ ಹಾಗೆ ಮನೆಗೆ ಏನು ಅಡ್ಡ ಕಟ್ಟುತ್ತೀರಿ?” ಎಂದರು. ಆಗ ನಾವು ಅಡಿಕೆ ದಬ್ಬೆಯ ಬೇಲಿ ಕಟ್ಟಿದ್ದೆವು.

ಅಳತೆಯ ಟೇಪು

ಅಪ್ಪ ಹಿಂಬರಹಕ್ಕೆ ಉತ್ತರ ಬರೆದು, ಫೋಟೊಗಳನ್ನು ಲಗತ್ತಿಸಿ, ವಕೀಲರ ನೋಟಿಸಿನ ಸೂಚನೆಯನ್ನೂ ಕೊಟ್ಟ ಮೇಲೆ, ಜುಲೈನ ಒಂದು ಮಧ್ಯಾಹ್ನ ಕಿರಿಯ ಎಂಜಿನಿಯರರು ಬಂದರು. ಛತ್ರಿಯಡಿ ನಿಂತು ಬಿದ್ದ ಗೋಡೆಯನ್ನು ಒಂದು ನಿಮಿಷ ನೋಡಿದರು. ಆಮೇಲೆ ಖಾತಾ ನಕಲು ಕೇಳಿದರು, ಕಟ್ಟಡ ಪರವಾನಗಿ ಕೇಳಿದರು, ರಸ್ತೆಯ ನಡುವಿನಿಂದ ಟೇಪು ಹಿಡಿಸಿದರು. ದೂರು ಕೊಟ್ಟವರು ಎಷ್ಟು ಬೇಗ ಆಪಾದಿತರಾಗಬಹುದೆಂಬುದು ಆ ಟೇಪಿನ ಲೋಹದ ಸದ್ದಿನಲ್ಲಿ ನನಗೆ ಗೊತ್ತಾಯಿತು. “ಗೋಡೆ ಚರಂಡಿ ಜಾಗಕ್ಕೆ ಬಂದಿರುವ ಹಾಗಿದೆಯಲ್ಲ ಸರ್” ಎಂದರು. ಅಪ್ಪ ಒಳಗೆ ಹೋಗಿ, ಅಜ್ಜನ ಟ್ರಂಕಿನಿಂದ 1974ರ ಮಂಜೂರಾದ ನಕ್ಷೆಯನ್ನು ತಂದು ಹರಡಿದರು. ಗೋಡೆ ನಕ್ಷೆಯಲ್ಲಿದ್ದ ಜಾಗದಲ್ಲೇ ಇತ್ತು. ಮಡಿಕೆಗಳಲ್ಲಿ ಹರಿದಿದ್ದ ಆ ಕಾಗದ ಅಂದು ಇರದಿದ್ದರೆ ಈ ಬರಹ ಬೇರೆ ರೀತಿಯದಾಗುತ್ತಿತ್ತು.

ಆದರೆ ಟೇಪು ಅಲ್ಲಿಗೇ ನಿಲ್ಲಲಿಲ್ಲ. ಎಂಜಿನಿಯರರ ಕಣ್ಣು ನಮ್ಮ ಗೇಟಿನ ಮುಂದಿನ ಚಪ್ಪಡಿಯ ಮೇಲೆ ಬಿತ್ತು. ಕಾರು ಒಳಗೆ ಬರಲೆಂದು ನಾವು ಹನ್ನೆರಡು ವರ್ಷದ ಹಿಂದೆ ಚರಂಡಿಯ ಮೇಲೆ ಹಾಕಿಸಿದ ಕಾಂಕ್ರೀಟು ಅದು. ಒಂಬತ್ತು ಅಡಿ ಅಗಲ, ಯಾರ ಪರವಾನಗಿಯೂ ಇಲ್ಲ. ಬೀದಿಯ ಎಲ್ಲರೂ ಹಾಕಿಸಿದ್ದಾರೆ, ನಾವೂ ಹಾಕಿಸಿದ್ದೆವು. ಅವರು ಅದನ್ನು ಟಿಪ್ಪಣಿ ಮಾಡಿಕೊಂಡು ಹೋದರು. ಸಂಜೆ ಎದುರು ಮನೆಯ ರಾಯರು ಬಂದು ಕುಳಿತರು. ಅವರ ಜಗಲಿಯ ಎರಡು ಮೆಟ್ಟಿಲು ಚರಂಡಿಯ ಮೇಲಿವೆ. “ಮೇಷ್ಟ್ರೇ, ನಿಮ್ಮ ಗೋಡೆಗೆ ನಾವೆಲ್ಲ ಸೇರಿ ಒಂದಿಷ್ಟು ಹಾಕೋಣ. ಟೇಪು ಬೀದಿಗೆ ಇಳಿದರೆ ಯಾರ ಮನೆಯೂ ಉಳಿಯುವುದಿಲ್ಲ” ಎಂದರು. ಅವರು ಹೆದರಿಸಲು ಬಂದಿರಲಿಲ್ಲ, ಹೆದರಿ ಬಂದಿದ್ದರು. ನಮ್ಮ ಊರುಗಳಲ್ಲಿ ನಗರಸಭೆಯ ವಿರುದ್ಧದ ಎಷ್ಟೋ ದೂರುಗಳು ನಿಲ್ಲುವುದು ಕಚೇರಿಯಲ್ಲಿ ಅಲ್ಲ, ಹೀಗೆ ಎದುರು ಮನೆಯ ಜಗಲಿಯಲ್ಲಿ. ಒಂದೊಂದು ಮನೆಯೂ ಒಂದಿಷ್ಟು ನಿಯಮ ಮೀರಿ ಕಟ್ಟಿಕೊಂಡಿರುತ್ತದೆ. ಕಚೇರಿಗೆ ಅದು ಗೊತ್ತಿರುತ್ತದೆ. ಕಚೇರಿಗೆ ಗೊತ್ತಿದೆ ಎನ್ನುವುದು ನಮಗೂ ಗೊತ್ತಿರುತ್ತದೆ.

ಅಂದು ರಾತ್ರಿ ಊಟವಾದ ಮೇಲೆ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಆ ಹುಡುಗ ಯಂತ್ರವನ್ನು ಓರೆಯಾಗಿ ನಿಲ್ಲಿಸಿದ್ದು ಯಾಕೆ ಗೊತ್ತೇನೋ?” ಎಂದು ಕೇಳಿದರು. ನನಗೆ ಹೊಳೆದಿರಲಿಲ್ಲ. ಚಪ್ಪಡಿ ಅಡ್ಡವಿದ್ದುದರಿಂದ ಅವನಿಗೆ ಯಂತ್ರವನ್ನು ನೇರವಾಗಿ ತರಲು ಆಗಿರಲಿಲ್ಲ. ಚಪ್ಪಡಿಯ ಅಡಿಯ ಹೂಳನ್ನು ಎಳೆಯಲು ಬದಿಯಿಂದ ಬಂದು, ಗೋಡೆಗೆ ತೀರ ಹತ್ತಿರ, ಹಸಿ ಮಣ್ಣಿನ ದಂಡೆಯ ಮೇಲೆ ಚಕ್ರ ಇಟ್ಟಿದ್ದ. ನನ್ನ ಫೋಟೊಗಳಲ್ಲಿ ಅದೆಲ್ಲ ಸ್ಪಷ್ಟವಾಗಿತ್ತು. ನಾನು ನೋಂದಣಿ ಸಂಖ್ಯೆಯನ್ನಷ್ಟೇ ನೋಡಿದ್ದೆ. ಅಪ್ಪನ ಅರ್ಜಿಯಲ್ಲಿ ದಿನಾಂಕವಿತ್ತು, ಅಳತೆಯಿತ್ತು, ಪಾರಿಜಾತದ ಗಿಡವೂ ಇತ್ತು, ಚಪ್ಪಡಿ ಇರಲಿಲ್ಲ. ಹಾಗೆ ಬಿಟ್ಟದ್ದು ಮರೆತೋ ತಿಳಿದೋ ಎಂದು ನಾನು ಕೇಳಲಿಲ್ಲ. ಬೇರೆಯವರ ಹಿಂಬರಹದಲ್ಲಿ ಕರ್ತೃಪದ ಹುಡುಕಿದ್ದ ಆ ಕೆಂಪು ಪೆನ್ನು ಮೇಜಿನ ಮೇಲೆಯೇ ಇತ್ತು.

ರಾಜಿ

ಆಗಸ್ಟಿನಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರರ ಕೊಠಡಿಯಲ್ಲಿ ಸಭೆ ಸೇರಿತು. ಅವರು, ಕಿರಿಯ ಎಂಜಿನಿಯರರು, ವಾರ್ಡಿನ ಸದಸ್ಯರು, ಗುತ್ತಿಗೆದಾರರು, ಅಪ್ಪ, ನಾನು. ನಮ್ಮ ಮೇಸ್ತ್ರಿ ಬರೆದುಕೊಟ್ಟ ಲೆಕ್ಕ ಜಂಬಿಟ್ಟಿಗೆಗೆ 46,000 ರೂಪಾಯಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಹಿಡಿದು, ಗೋಡೆಯ ವಯಸ್ಸಿಗೆ ಸವಕಳಿ ಕಳೆದು ಅವರು ಹಾಕಿದ ಅಂದಾಜು 19,400. ಈ ಅಂತರದ ಬಗ್ಗೆ ಅರ್ಧ ಗಂಟೆ ಮಾತಾಯಿತು. ಸವಕಳಿಯ ವಾದದಲ್ಲಿ ಹುರುಳಿಲ್ಲವೆಂದಲ್ಲ. ಹಳೆಯದನ್ನು ಕಳೆದುಕೊಂಡವನಿಗೆ ಹೊಸದರ ಬೆಲೆ ಕೊಟ್ಟರೆ ಅವನಿಗೆ ಲಾಭವಾಯಿತೆಂದು ಲೆಕ್ಕಶಾಸ್ತ್ರ ಹೇಳುತ್ತದೆ. ಆದರೆ ಐವತ್ತು ವರ್ಷ ಹಳೆಯ ಗೋಡೆಯನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ. ಇನ್ನೊಂದು ಐವತ್ತು ವರ್ಷ ನಿಲ್ಲುತ್ತಿದ್ದ ಗೋಡೆಗೆ ಸವಕಳಿ ಯಾವುದೆಂದು ಅಪ್ಪ ಕೇಳಿದರು.

ಕೊನೆಗೆ ಹಿರಿಯ ಎಂಜಿನಿಯರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದ ಮಾತಿನಲ್ಲಿ ನನಗೆ ಮೊದಲ ಬಾರಿಗೆ ನಿಜ ಕೇಳಿಸಿತು. “ಸರ್, ನಿಮಗೆ ದುಡ್ಡು ಕೊಡಬೇಕೆಂದರೆ ನನ್ನಲ್ಲಿ ಅದಕ್ಕೆ ಲೆಕ್ಕ ಶೀರ್ಷಿಕೆಯೇ ಇಲ್ಲ. ಸಾಮಾನ್ಯ ಸಭೆಗೆ ಹೋಗಬೇಕು, ನಿರ್ಣಯವಾಗಬೇಕು, ನಾಳೆ ಆಡಿಟ್‌ನವರು ಯಾರ ತಪ್ಪು ಎಂದರೆ ಒಂದು ಹೆಸರು ಬರೆಯಬೇಕು. ಗೋಡೆ ಕೇಳಿ, ನಾಳೆಯೇ ಕೊಡಿಸುತ್ತೇನೆ.” ಗುತ್ತಿಗೆದಾರರ ಕೊನೆಯ ಬಿಲ್ಲು ಇನ್ನೂ ಪಾಸಾಗಿರಲಿಲ್ಲ, ಠೇವಣಿ ಕಚೇರಿಯಲ್ಲೇ ಇತ್ತು. ಅವರು ತಲೆಯಾಡಿಸಿದರು. ನಾಲ್ಕು ತಿಂಗಳು ನಾವು ಬಾಗಿಲಿಲ್ಲದ ಕಡೆ ತಟ್ಟುತ್ತಿದ್ದೆವು. ಹಣ ಕೇಳಿದರೆ ಅದು ಪರಿಹಾರ, ಪರಿಹಾರವೆಂದರೆ ತಪ್ಪು. ಕೆಲಸ ಕೇಳಿದರೆ ಅದು ಕಾಮಗಾರಿಯ ಬಾಕಿ; ಬಾಕಿಯಲ್ಲಿ ಯಾರ ತಪ್ಪೂ ಇಲ್ಲ. ಇದನ್ನು ಮೊದಲ ವಾರವೇ ಯಾರಾದರೂ ಹೇಳಿದ್ದರೆ ಮಳೆಗಾಲದಲ್ಲಿ ಬೇಲಿ ಕಟ್ಟುವ ಪಾಡು ತಪ್ಪುತ್ತಿತ್ತು. ಆದರೆ ಸೀಲು ಬಿದ್ದ ಅರ್ಜಿ, ಫೋಟೊ, ವಕೀಲರ ಸೂಚನೆ ಇವೆಲ್ಲ ಇಲ್ಲದೆ ಮೊದಲ ವಾರವೇ ಕೇಳಿದ್ದರೆ ಆ ಕನ್ನಡಕ ಮೇಜಿಗೆ ಇಳಿಯುತ್ತಿತ್ತೇ ಎಂಬ ಅನುಮಾನವೂ ನನಗಿದೆ.

ಜಂಬಿಟ್ಟಿಗೆ ಈಗ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಸಿಮೆಂಟು ಬ್ಲಾಕಿಗೆ ಒಪ್ಪಿದೆವು. ಪೈಪಿನ ಖರ್ಚು ನಮ್ಮದೇ ಆಯಿತು. ಚಪ್ಪಡಿಯ ನಡುವೆ ಹೂಳು ತೆಗೆಯಲು ಬರುವಂತೆ ಎರಡು ಅಡಿ ಅಗಲದ ಮುಚ್ಚಳ ಕೂರಿಸುತ್ತೇವೆಂದು, ಯಾರೂ ಕೇಳದಿದ್ದರೂ, ಅಪ್ಪ ತಾವಾಗಿಯೇ ಹೇಳಿದರು. ಕಿರಿಯ ಎಂಜಿನಿಯರರು ಅದನ್ನು ಬರೆದುಕೊಳ್ಳಲಿಲ್ಲ. ಆ ಹುಡುಗನ ಪಗಾರ ಹಿಡಿಯಬಾರದೆಂದು ಅಪ್ಪ ಗುತ್ತಿಗೆದಾರರಿಗೆ ಹೇಳಿದಾಗ ಅವರು “ಛೆ ಛೆ, ಇಲ್ಲ ಸರ್” ಎಂದರು. ಆಮೇಲೆ ‘ನನಗೆ ಯಾವುದೇ ತಕರಾರು ಇರುವುದಿಲ್ಲ’ ಎಂಬ ಒಪ್ಪಿಗೆ ಪತ್ರ ಸಿದ್ಧವಾಗಿ ಬಂತು. ಅದರಲ್ಲಿ ‘ಕುಸಿದ ಗೋಡೆ’ ಎಂದಿತ್ತು. ಅಪ್ಪ ಪೆನ್ನು ಕೆಳಗಿಟ್ಟರು. ಹತ್ತು ನಿಮಿಷದ ಚೌಕಾಸಿಯ ನಂತರ ಅದು ‘ಕಾಮಗಾರಿಯ ಸಂದರ್ಭದಲ್ಲಿ ಹಾನಿಗೊಳಗಾದ ಗೋಡೆ’ ಎಂದಾಯಿತು. ಯಾರಿಂದ ಎಂಬುದಿಲ್ಲ, ಯಾವಾಗ ಎಂಬುದಿದೆ. ಹೊರಗೆ ಬಂದ ಮೇಲೆ ಅಪ್ಪ, “ಕರ್ತೃಪದ ಕೊಡಲಿಲ್ಲ, ಕ್ರಿಯಾವಿಶೇಷಣ ಕೊಟ್ಟರು” ಎಂದರು. ಅವರು ಸೋತಂತೆಯೂ ಕಾಣಲಿಲ್ಲ, ಗೆದ್ದಂತೆಯೂ ಕಾಣಲಿಲ್ಲ.

ಕುತೂಹಲ ತಡೆಯದೆ ನಾನು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಮಾಹಿತಿ ಹಕ್ಕಿನಡಿ ಆ ವರ್ಷದ ಹೂಳೆತ್ತುವ ಕಾಮಗಾರಿಯ ಅಳತೆ ಪುಸ್ತಕದ ನಕಲು ತರಿಸಿದೆ. ನಮ್ಮ ಬೀದಿಯ ಚರಂಡಿ ಅದರಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಸಾಲಿನಲ್ಲಿತ್ತು, ‘ಪೂರ್ಣಗೊಂಡಿದೆ’ ಎಂದು. ಗೋಡೆಯ ಮಾತಿಲ್ಲ. 18 ಅಡಿ ಬ್ಲಾಕು, ಸಿಮೆಂಟು, ಮೂರು ದಿನದ ಗಾರೆ ಕೆಲಸ, ಯಾವುದೂ ಎಲ್ಲೂ ನಡೆದಿರಲಿಲ್ಲ.

ಈ ವರ್ಷದ ಮೇ ತಿಂಗಳಲ್ಲಿ ಮತ್ತೆ ಜೆಸಿಬಿ ಬಂತು. ನಾನು ಊರಿನಲ್ಲಿರಲಿಲ್ಲ, ಅಮ್ಮ ಫೋನಿನಲ್ಲಿ ಹೇಳಿದಳು. ಗುತ್ತಿಗೆದಾರರು ಬೇರೆ, ಓಡಿಸುವವನೂ ಬೇರೆ. ಎದುರು ಸಾಲು ಮುಗಿಸಿ ನಮ್ಮ ಸಾಲಿಗೆ ಬಂದ ಯಂತ್ರ ನಮ್ಮ ಗೋಡೆಗೆ ಇಪ್ಪತ್ತು ಅಡಿ ಇರುವಾಗಲೇ ನಿಂತಿತಂತೆ. ಇಬ್ಬರು ಗುದ್ದಲಿ ಹಿಡಿದು ಇಳಿದು, ಚಪ್ಪಡಿಯ ಹೊಸ ಮುಚ್ಚಳ ಎತ್ತಿ, ಅಷ್ಟು ದೂರವನ್ನು ಕೈಯಿಂದಲೇ ಮುಗಿಸಿದರಂತೆ. ಯಾಕೆಂದು ಅಪ್ಪ ಕೇಳಿದ್ದಕ್ಕೆ ಅವರಲ್ಲೊಬ್ಬ, “ಇಲ್ಲಿ ಗಾಡಿ ತರಬೇಡಿ ಅಂದಿದ್ದಾರೆ ಸರ್” ಎಂದನಂತೆ. ಯಾರು ಅಂದರು ಎಂದು ಅಪ್ಪ ಮತ್ತೆ ಕೇಳಿದ್ದಾರೆ. ಅವನಿಗೆ ಗೊತ್ತಿರಲಿಲ್ಲ. ಅಪ್ಪ ಅವರಿಬ್ಬರ ಫೋಟೊ ತೆಗೆದು, ಹಿಂದೆ ದಿನಾಂಕ ಬರೆದು, ಆ ಹಳೆಯ ಫೈಲಿನಲ್ಲೇ ಇಟ್ಟಿದ್ದಾರೆ.